ತಟ್ಟೆಯಲ್ಲಿ ಎಷ್ಟು, ತಂಬಿಗೆಯಲ್ಲಿ ಎಷ್ಟು? ಮೆಗ್ನೀಷಿಯಂ ಬಗ್ಗೆ ಸದಸ್ಯರಿಗೊಂದು ಲೆಕ್ಕ



ಕಳೆದ ಕೆಲವು ತಿಂಗಳುಗಳಿಂದ ಸಂಘಕ್ಕೆ ಬರುವ ಫೋನುಗಳಲ್ಲಿ ಪುಸ್ತಕ, ಶಾಲೆ, ಉತ್ಸವಗಳ ವಿಚಾರದ ಜೊತೆಗೆ ನೀರಿನ ವಿಚಾರವೂ ಸೇರಿಕೊಂಡಿದೆ. ಅಕ್ಕಲಕೋಟೆ, ಜತ್ತ ಕಡೆಯವರು ಕೇಳುವ ಪ್ರಶ್ನೆ: "ನಮ್ಮ ಬೋರಿನ ನೀರು ಗಡಸು, ಆರ್‌ಒ ಯಂತ್ರ ಹಾಕಿಸಲೇಬೇಕೇ?" ಹೊಸೂರಿನವರು ಕೇಳುವ ಪ್ರಶ್ನೆ ತಿರುವುಮುರುವು: "ಆರ್‌ಒ ನೀರಿನಲ್ಲಿ ಮೆಗ್ನೀಷಿಯಂ ಇರುವುದಿಲ್ಲವಂತೆ, ಯಂತ್ರ ತೆಗೆಸಿಬಿಡಲೇ?" ಇನ್ನು ಕೆಲವರು ಮೊಬೈಲಿನಲ್ಲಿ ಬಂದ ಸಂದೇಶ ನೋಡಿ, ರಾತ್ರಿ ಮೀನಖಂಡ ಹಿಡಿಯುತ್ತದೆಂದು ಮೆಗ್ನೀಷಿಯಂ ಮಾತ್ರೆಯನ್ನು ತಾವೇ ತಂದು ನುಂಗುತ್ತಿದ್ದಾರೆ.

ಮೂರೂ ಪ್ರಶ್ನೆಗಳಿಗೆ ಉತ್ತರ ಒಂದೇ ಲೆಕ್ಕದಲ್ಲಿದೆ. ನಾನು ವೈದ್ಯನಲ್ಲ, ಗುಮಾಸ್ತನಾಗಿದ್ದವನು, ಅಂಕಿ ಕೂಡಿಸಿ ಕಳೆಯುವುದು ರೂಢಿ. ಸರ್ಕಾರಿ ಸಂಸ್ಥೆಗಳು ಪ್ರಕಟಿಸಿದ ಅಂಕಿಗಳನ್ನು ಇಟ್ಟುಕೊಂಡು ಸದಸ್ಯರಿಗೆ ಅನುಕೂಲವಾಗುವಂತೆ ಇಲ್ಲಿ ವಿವರಿಸಿದ್ದೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಸಾರಾಂಶ ಮೊದಲೇ ಹೇಳಿಬಿಡುತ್ತೇನೆ:

1. ನಮಗೆ ಬೇಕಾದ ಮೆಗ್ನೀಷಿಯಂನ ಬಹುಪಾಲು ಬರುವುದು ಊಟದಿಂದ. ನೀರಿನದು ಸಣ್ಣ ಪಾಲು, ಆದರೆ ಉಪಯುಕ್ತ ಪಾಲು.
2. ನೀರಿನ ಬಗ್ಗೆ ತೀರ್ಮಾನ ಮಾಡುವ ಮೊದಲು ಪ್ರಯೋಗಾಲಯದ ವರದಿ ಕೈಯಲ್ಲಿರಬೇಕು. ಫ್ಲೋರೈಡ್ ಇರುವ ಊರಿನಲ್ಲಿ ಮೆಗ್ನೀಷಿಯಂ ಆಸೆಗೆ ಆರ್‌ಒ ನಿಲ್ಲಿಸುವುದು ತಪ್ಪು.
3. ಮಾತ್ರೆ ಕೊನೆಯ ದಾರಿ. ಅದೂ ವೈದ್ಯರನ್ನು ಕೇಳಿ.

ಮೈಯಲ್ಲಿ ಇದರ ಕೆಲಸವೇನು?

ಒಬ್ಬ ವಯಸ್ಕನ ಮೈಯಲ್ಲಿ ಸುಮಾರು 25 ಗ್ರಾಂ ಮೆಗ್ನೀಷಿಯಂ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎಲುಬಿನಲ್ಲಿ, ಉಳಿದದ್ದು ಸ್ನಾಯು ಮತ್ತು ಇತರ ಅಂಗಗಳಲ್ಲಿ. ರಕ್ತದ್ರವದಲ್ಲಿ ಇರುವುದು ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಉಂಡ ಅನ್ನ ಶಕ್ತಿಯಾಗಿ ಬದಲಾಗುವುದಕ್ಕೆ, ಸ್ನಾಯು ಬಿಗಿಯಾಗಿ ಮತ್ತೆ ಸಡಿಲವಾಗುವುದಕ್ಕೆ, ನರಗಳ ಕೆಲಸಕ್ಕೆ, ಹೃದಯದ ಬಡಿತ ಲಯ ತಪ್ಪದಿರುವುದಕ್ಕೆ ಇದು ಬೇಕು. ಮೈಯೊಳಗಿನ ಮುನ್ನೂರಕ್ಕೂ ಹೆಚ್ಚು ಕಿಣ್ವಗಳು ಮೆಗ್ನೀಷಿಯಂ ಇಲ್ಲದೆ ಕೆಲಸ ಮಾಡುವುದಿಲ್ಲ.

ರಕ್ತದಲ್ಲಿ ಕಡಿಮೆಯಾದರೆ ಮೈ ಎಲುಬಿನ ದಾಸ್ತಾನಿನಿಂದ ತೆಗೆದು ಸರಿದೂಗಿಸುತ್ತದೆ. ಆದ್ದರಿಂದ ರಕ್ತ ಪರೀಕ್ಷೆಯಲ್ಲಿ "ನಾರ್ಮಲ್" ಎಂದು ಬಂದರೂ ಒಳಗಿನ ದಾಸ್ತಾನು ಕಡಿಮೆಯಾಗಿರುವ ಸಾಧ್ಯತೆ ಇದೆ. ಬ್ಯಾಂಕಿನ ಉಳಿತಾಯ ಕರಗುತ್ತಿದ್ದರೂ ಜೇಬಿನಲ್ಲಿ ಖರ್ಚಿನ ಹಣ ಇದ್ದ ಹಾಗೆ. ಕೊರತೆ ತೀರಾ ಹೆಚ್ಚಾದಾಗ ಹಸಿವಿಲ್ಲದಿರುವುದು, ವಾಕರಿಕೆ, ಸುಸ್ತು, ಸ್ನಾಯು ಸೆಳೆತ, ಜೋಮು, ಎದೆಬಡಿತ ಏರುಪೇರಾಗುವುದು ಇವೆಲ್ಲ ಕಾಣಿಸುತ್ತವೆ. ಆದರೆ ಈ ಲಕ್ಷಣಗಳಿಗೆ ಬೇರೆ ಹತ್ತಾರು ಕಾರಣಗಳೂ ಇರುತ್ತವೆ. ಲಕ್ಷಣ ನೋಡಿ ನಾವೇ ರೋಗ ತೀರ್ಮಾನಿಸಬಾರದು.

ದಿನಕ್ಕೆ ಎಷ್ಟು ಬೇಕು?

ಬೇರೆ ಬೇರೆ ದೇಶಗಳ ಶಿಫಾರಸಿನಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದೆ. ಲೆಕ್ಕಕ್ಕೆ ಅನುಕೂಲವಾಗುವಂತೆ ವಯಸ್ಕ ಗಂಡಸರಿಗೆ ದಿನಕ್ಕೆ 400 ಮಿಲಿಗ್ರಾಂ, ಹೆಂಗಸರಿಗೆ 320ರಿಂದ 370 ಮಿಲಿಗ್ರಾಂ ಎಂದು ಇಟ್ಟುಕೊಳ್ಳೋಣ. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ. ಸುಮಾರು ಮೂರನೇ ಒಂದು ಪಾಲು ಮಾತ್ರ ಕರುಳಿನಿಂದ ಒಳಗೆ ಹೋಗುತ್ತದೆ. ಮೇಲೆ ಹೇಳಿದ ಅಂಕಿಯಲ್ಲಿ ಈ ನಷ್ಟವನ್ನು ಹಿಡಿದೇ ಲೆಕ್ಕ ಹಾಕಿರುತ್ತಾರೆ. ನಾವು ಮತ್ತೆ ಮೂರರಿಂದ ಗುಣಿಸಬೇಕಿಲ್ಲ.

ತಟ್ಟೆಯ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2017ರಲ್ಲಿ ಭಾರತದ ಆಹಾರ ಪದಾರ್ಥಗಳ ಪೋಷಕಾಂಶ ಪಟ್ಟಿಯನ್ನು ಹೊರತಂದಿದೆ. ಅದನ್ನೂ ಇತರ ಪಟ್ಟಿಗಳನ್ನೂ ನೋಡಿ, ಪೂರ್ಣಾಂಕ ಮಾಡಿ ಕೊಡುತ್ತಿದ್ದೇನೆ. ಎಲ್ಲವೂ 100 ಗ್ರಾಂ ಒಣ ಅಥವಾ ಹಸಿ ಪದಾರ್ಥಕ್ಕೆ, ಬೇಯಿಸುವ ಮೊದಲಿನ ತೂಕಕ್ಕೆ:

- ರಾಗಿ: ಸುಮಾರು 145 ಮಿಲಿಗ್ರಾಂ
- ಜೋಳ: ಸುಮಾರು 130
- ಸಜ್ಜೆ: ಸುಮಾರು 125
- ಗೋಧಿ, ತವುಡು ಸಹಿತ ಹಿಟ್ಟು: ಸುಮಾರು 125
- ಮೈದಾ: 30ರ ಒಳಗೆ
- ಪಾಲಿಶ್ ಮಾಡಿದ ಬಿಳಿ ಅಕ್ಕಿ: ಸುಮಾರು 20
- ಬೇಳೆಕಾಳುಗಳು: 100ರಿಂದ 200ರವರೆಗೆ
- ಶೇಂಗಾ: 170ರಿಂದ 200
- ಗೋಡಂಬಿ: ಸುಮಾರು 300
- ಎಳ್ಳು: ಸುಮಾರು 350
- ಅಗಸೆ: ಸುಮಾರು 390
- ಸಿಹಿಗುಂಬಳ ಬೀಜ: 500ಕ್ಕೂ ಹೆಚ್ಚು
- ಹಸಿರು ಸೊಪ್ಪುಗಳು: ಜಾತಿಯ ಮೇಲೆ 50ರಿಂದ 190
- ಇತರ ತರಕಾರಿಗಳು: 10ರಿಂದ 30
- ಬಾಳೆಹಣ್ಣು: ಸುಮಾರು 30
- ಹಾಲು: ಸುಮಾರು 10
- ಮೀನು, ಕೋಳಿ: 25ರಿಂದ 30

ಪಟ್ಟಿಯನ್ನು ಒಮ್ಮೆ ಕಣ್ಣಾಡಿಸಿದರೆ ಸಾಕು, ವಿಷಯ ತಿಳಿಯುತ್ತದೆ. ಕಾಳಿನ ಮೈಮೇಲಿನ ತವುಡು ಮತ್ತು ಮೊಳಕೆ ಭಾಗದಲ್ಲಿ ಮೆಗ್ನೀಷಿಯಂ ಕೂತಿದೆ. ಗಿರಣಿಯಲ್ಲಿ ಅಕ್ಕಿಯನ್ನು ಬೆಳ್ಳಗೆ ಮಾಡಿದಾಗ, ಗೋಧಿಯನ್ನು ಮೈದಾ ಮಾಡಿದಾಗ, ಅದರ ಬಹುಪಾಲು ತವುಡಿನ ಜೊತೆ ದನದ ಬಾನಿಗೆ ಹೋಗುತ್ತದೆ. ಜೋಳ, ರಾಗಿಗಳನ್ನು ನಾವು ಇಡಿಯಾಗಿ ಬೀಸಿ ತಿನ್ನುತ್ತೇವೆ, ಹಾಗಾಗಿ ಅದು ತಟ್ಟೆಗೇ ಬರುತ್ತದೆ.

ಈಗ ಎರಡು ದಿನದ ಊಟ ಕೂಡಿಸೋಣ.

ಮೊದಲನೆಯದು, ಈಗ ಪೇಟೆಯ ಬಹಳ ಮನೆಗಳಲ್ಲಿ ಕಾಣುವ ಊಟ. ಬಿಳಿ ಅಕ್ಕಿ 250 ಗ್ರಾಂ (50 ಮಿಲಿಗ್ರಾಂ), ತೊಗರಿಬೇಳೆ 30 ಗ್ರಾಂ (30), ತರಕಾರಿ 150 ಗ್ರಾಂ (30), ಹಾಲು ಮೊಸರು ಸೇರಿ 300 ಮಿಲಿಲೀಟರ್ (30), ಚಹಾದ ಜೊತೆ ನಾಲ್ಕು ಬಿಸ್ಕತ್ತು (10), ಒಂದು ಬಾಳೆಹಣ್ಣು (30). ಒಟ್ಟು 180. ಬೇಕಾದದ್ದರ ಅರ್ಧಕ್ಕೇ ನಿಂತಿತು.

ಎರಡನೆಯದು, ನಮ್ಮ ಹಿಂದಿನವರ ಊಟಕ್ಕೆ ಹತ್ತಿರದ್ದು. ಜೋಳದ ಹಿಟ್ಟು 150 ಗ್ರಾಂ, ಅಂದರೆ ಮೂರು ರೊಟ್ಟಿ (195), ಅಕ್ಕಿ 75 ಗ್ರಾಂ (15), ಬೇಳೆ 30 ಗ್ರಾಂ (30), ಮೊಳಕೆ ಬರಿಸಿದ ಕಾಳು, ಒಣಗಿದ್ದಾಗ 30 ಗ್ರಾಂ ತೂಗುವಷ್ಟು (50), ಶೇಂಗಾ ಚಟ್ನಿ 20 ಗ್ರಾಂ (35), ಸೊಪ್ಪಿನ ಪಲ್ಯ 100 ಗ್ರಾಂ (60), ಹಾಲು ಮಜ್ಜಿಗೆ (30), ಬಾಳೆಹಣ್ಣು (30). ಒಟ್ಟು 445. ಗಂಡಸರ ಲೆಕ್ಕವೂ ಮುಟ್ಟಿತು.

ಎರಡನೇ ಊಟಕ್ಕೆ ದುಬಾರಿ ಪದಾರ್ಥ ಒಂದೂ ಬೇಕಾಗಿಲ್ಲ. ಬದಾಮಿ, ಹೊರದೇಶದ ಬೀಜ, ಡಬ್ಬಿಯ ಪುಡಿ ಇಲ್ಲದೆಯೇ ಲೆಕ್ಕ ಸರಿಹೋಯಿತು.

ಊರೂರಿನ ಅಡುಗೆಮನೆ

ನಮ್ಮ ಸದಸ್ಯರು ಐದಾರು ರಾಜ್ಯಗಳಲ್ಲಿ ಹಂಚಿಹೋಗಿದ್ದಾರೆ, ಊಟವೂ ಒಂದೇ ರೀತಿ ಇಲ್ಲ. ಆದರೆ ಪ್ರತಿ ಕಡೆಯ ಅಡುಗೆಯಲ್ಲೂ ಇದಕ್ಕೆ ದಾರಿ ಇದೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ: ಇದು ಜೋಳದ ಸೀಮೆ. ಪಕ್ಕದ ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಸೊಲ್ಲಾಪುರದ ಶೇಂಗಾ ಚಟ್ನಿ ಪುಣೆ ಮುಂಬಯಿವರೆಗೆ ಹೋಗುತ್ತದೆ. ಖಡಕ್ ರೊಟ್ಟಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಮಡಿಕೆ ಕಾಳಿನ ಉಸುಳಿ, ರಾಜಗಿರಿ ಪಲ್ಯ ಇವಿಷ್ಟು ಇದ್ದರೆ ಬೇರೆ ಏನೂ ಹುಡುಕಬೇಕಿಲ್ಲ. ಎಳ್ಳಮವಾಸ್ಯೆಗೆ ಹೊಲಕ್ಕೆ ಒಯ್ಯುವ ಬುತ್ತಿ ನೆನಪಿಸಿಕೊಳ್ಳಿ: ಸಜ್ಜಿ ರೊಟ್ಟಿ, ನಾಲ್ಕಾರು ಕಾಳು ಸೊಪ್ಪು ಸೇರಿಸಿದ ಭಜ್ಜಿ, ಎಳ್ಳು, ಶೇಂಗಾ. ಪಟ್ಟಿಯ ಮೇಲಿನ ಸಾಲುಗಳೆಲ್ಲ ಒಂದೇ ಬುತ್ತಿಯಲ್ಲಿವೆ. ಉಪವಾಸದ ಸಾಬುದಾಣಿಯಲ್ಲಿ ಮಾತ್ರ ಮೆಗ್ನೀಷಿಯಂ ಇಲ್ಲವೆಂದೇ ಹೇಳಬೇಕು. ಖಿಚಡಿಗೆ ಹಾಕುವ ಶೇಂಗಾ ಪುಡಿಯೇ ಅದರ ಮಾನ ಉಳಿಸುವುದು. ಕೈ ಬಿಗಿ ಹಿಡಿಯದೆ ಹಾಕಿ.

ಹೊಸೂರು, ತಾಳವಾಡಿ, ಮಡಕಶಿರಾ: ಇಲ್ಲಿ ರಾಗಿ. ಒಂದು ಮುದ್ದೆಗೆ 80ರಿಂದ 100 ಗ್ರಾಂ ಹಿಟ್ಟು ಹಿಡಿದರೆ 115ರಿಂದ 145 ಮಿಲಿಗ್ರಾಂ ಬಂತು. ಜೊತೆಗೆ ಹುರುಳಿ ಅಥವಾ ಅವರೆ ಸಾರು. ದಿನಕ್ಕೊಂದು ಮುದ್ದೆ ತಪ್ಪಿಸದವರು ಅರ್ಧ ದಾರಿ ನಡೆದಂತೆಯೇ.

ಆದವಾನಿ, ರಾಯದುರ್ಗ, ಪಶ್ಚಿಮ ತೆಲಂಗಾಣ: ಜೋಳ, ಸಜ್ಜೆ, ಶೇಂಗಾ, ಪುಂಡಿಪಲ್ಯ, ತೊಗರಿ ಎಲ್ಲ ಮನೆ ಬಾಗಿಲಲ್ಲೇ ಸಿಗುತ್ತವೆ. ಅಂಗಡಿಯಲ್ಲಿ "ಜೊನ್ನ", "ಸಜ್ಜಲು" ಎಂದು ಕೇಳಿ.

ಕಾಸರಗೋಡು, ವಯನಾಡು, ಗೋವಾ: ಇಲ್ಲಿ ಅನ್ನವೇ ಮುಖ್ಯ, ರೊಟ್ಟಿ ಮುದ್ದೆಗೆ ಬದಲಾಯಿಸಿಕೊಳ್ಳಿ ಎಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಬಿಳಿ ಅಕ್ಕಿಯ ಬದಲು ತವುಡು ಉಳಿದಿರುವ ಕೆಂಪು ಕುಚ್ಚಲಕ್ಕಿ ತರಬಹುದು. ತವುಡು ಪೂರ್ತಿ ಇರುವ ಅಕ್ಕಿಯಲ್ಲಿ ಬಿಳಿ ಅಕ್ಕಿಯ ನಾಲ್ಕು ಪಟ್ಟಿನಷ್ಟು ಮೆಗ್ನೀಷಿಯಂ ಇರುತ್ತದೆ; ಪಾಲಿಶ್ ಹೆಚ್ಚಾದಷ್ಟೂ ಇಳಿಯುತ್ತದೆ. ಗಂಜಿಯ ಜೊತೆ ಹುರುಳಿ ಚಟ್ನಿ, ಹೆಸರುಕಾಳಿನ ಪಲ್ಯ, ಹರಿವೆ ಮತ್ತು ನುಗ್ಗೆ ಸೊಪ್ಪು, ಒಂದು ಹಿಡಿ ಗೋಡಂಬಿ ಇದ್ದರೆ ಕೊರತೆ ತುಂಬುತ್ತದೆ. ರಾಗಿ ಬೇಕಾದವರು ಮಲಬಾರಿನ ಅಂಗಡಿಯಲ್ಲಿ "ಮುತ್ತಾರಿ", ಗೋವಾ ಮಹಾರಾಷ್ಟ್ರದಲ್ಲಿ "ನಾಚಣಿ", ತಮಿಳುನಾಡಿನಲ್ಲಿ "ಕೇಳ್ವರಗು" ಎಂದು ಕೇಳಿದರೆ ಕೊಡುತ್ತಾರೆ.

ಅಡುಗೆಯಲ್ಲಿ ಕಳೆದುಕೊಳ್ಳದಿರಲು

ಮೆಗ್ನೀಷಿಯಂ ಒಂದು ಖನಿಜ, ಬೆಂಕಿಗೆ ಸುಟ್ಟುಹೋಗುವುದಿಲ್ಲ. ಆದರೆ ನೀರಿಗೆ ಇಳಿಯುತ್ತದೆ. ಸೊಪ್ಪು, ಕಾಳು ಬೇಯಿಸಿ ಆ ನೀರನ್ನು ಚೆಲ್ಲಿದರೆ ಒಳ್ಳೆಯ ಪಾಲು ಮೋರಿಗೆ ಹೋಯಿತು. ಈ ವಿಷಯದಲ್ಲಿ ಬಸ್ಸಾರು ಮಾಡುವ ತಾಯಂದಿರಿಗೆ ಪೂರ್ಣ ಅಂಕ: ಬಸಿದ ನೀರೇ ಸಾರಾಗುತ್ತದೆ, ಏನೂ ವ್ಯರ್ಥವಿಲ್ಲ. ನಮ್ಮ ಕಡೆ ಬೇಳೆ ಕಟ್ಟಿನ ಸಾರು ಮಾಡುವುದೂ ಅದೇ ಲೆಕ್ಕ.

ಕಾಳು, ಸಿರಿಧಾನ್ಯಗಳಲ್ಲಿ ಫೈಟೇಟ್ ಎಂಬ ಅಂಶ ಇರುತ್ತದೆ. ಅದು ಮೆಗ್ನೀಷಿಯಂ, ಕಬ್ಬಿಣ, ಸತುವುಗಳನ್ನು ಹಿಡಿದಿಟ್ಟು ಮೈಗೆ ಹತ್ತದಂತೆ ಮಾಡುತ್ತದೆ. ನೆನೆಸುವುದು, ಮೊಳಕೆ ಬರಿಸುವುದು, ಹುಳಿ ಬರಿಸುವುದು ಈ ಮೂರರಿಂದ ಅದು ಕಡಿಮೆಯಾಗುತ್ತದೆ. ರಾತ್ರಿ ಹುಳಿ ಬರಿಸಿದ ರಾಗಿ ಅಂಬಲಿ, ಮೊಳಕೆ ಕಾಳಿನ ಉಸುಳಿ, ದೋಸೆ ಇಡ್ಲಿಯ ಹಿಟ್ಟು ಇವೆಲ್ಲ ಹೊಟ್ಟೆಗೆ ಹಗುರ ಮಾತ್ರವಲ್ಲ, ಖನಿಜವೂ ಹೆಚ್ಚು ಹತ್ತುತ್ತದೆ. ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ಹೆಚ್ಚಾಗಿರುವುದರಿಂದ ಅದರ ಮೆಗ್ನೀಷಿಯಂ ಅಷ್ಟಾಗಿ ಸಿಗುವುದಿಲ್ಲ. ಒಂದೇ ಸೊಪ್ಪಿಗೆ ಅಂಟಿಕೊಳ್ಳದೆ ವಾರದಲ್ಲಿ ಮೂರ್ನಾಲ್ಕು ಬಗೆ ತಿನ್ನಿ.

ತಂಬಿಗೆಯ ಲೆಕ್ಕ

ಇನ್ನು ನೀರು. ಮಳೆನೀರಿನಲ್ಲಿ ಖನಿಜ ಇಲ್ಲವೆನ್ನುವಷ್ಟು ಕಡಿಮೆ. ನೆಲದೊಳಗೆ ಇಳಿದು ಬಂಡೆಗಳ ನಡುವೆ ಇದ್ದಷ್ಟು ಕಾಲ ಆ ಬಂಡೆಯ ಖನಿಜ ಕರಗಿ ಸೇರುತ್ತದೆ. ಹಾಗಾಗಿ ನೀರಿನ ಗುಣ ಎಂದರೆ ನೆಲದ ಗುಣ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನ ಕೆಳಗಿರುವುದು ದಖ್ಖನ್ನಿನ ಕರಿಕಲ್ಲು. ಮೆಗ್ನೀಷಿಯಂ ಇರುವ ಖನಿಜಗಳು ಅದರಲ್ಲಿ ಹೇರಳ, ಆದ್ದರಿಂದ ಆ ಕಡೆಯ ಬಾವಿ ಬೋರಿನ ನೀರು ಸಾಮಾನ್ಯವಾಗಿ ಗಡಸು. ಕಾಸರಗೋಡಿನ ಮುರಕಲ್ಲಿನ ಬಾವಿ ನೀರು ಸಾಮಾನ್ಯವಾಗಿ ಮೆದು, ಮೆಗ್ನೀಷಿಯಂ ಕಡಿಮೆ. ಹೊಸೂರು, ಆದವಾನಿ, ರಾಯದುರ್ಗ, ಮಡಕಶಿರಾ ಕಡೆ ಗ್ರಾನೈಟ್ ಜಾತಿಯ ಕಲ್ಲು. ಅಲ್ಲಿ ಬೋರಿನಿಂದ ಬೋರಿಗೆ ನೀರು ಬದಲಾಗುತ್ತದೆ, ಜೊತೆಗೆ ಫ್ಲೋರೈಡಿನ ಕಾಟವೂ ಉಂಟು. ನದಿ ಅಥವಾ ಅಣೆಕಟ್ಟಿನ ನಲ್ಲಿ ನೀರಾದರೆ ಗಡಸುತನ ಸಾಮಾನ್ಯವಾಗಿ ಬೋರಿಗಿಂತ ಕಡಿಮೆ.

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ (ಐಎಸ್ 10500, 2012) ಹೀಗಿದೆ. ಮೊದಲನೆಯದು ಒಪ್ಪಬಹುದಾದ ಮಿತಿ, ಎರಡನೆಯದು ಬೇರೆ ನೀರಿನ ಮೂಲ ಇಲ್ಲದಿದ್ದಾಗ ಸಹಿಸಬಹುದಾದ ಮಿತಿ. ಎಲ್ಲವೂ ಲೀಟರಿಗೆ ಮಿಲಿಗ್ರಾಂ:

- ಮೆಗ್ನೀಷಿಯಂ: 30, 100
- ಕ್ಯಾಲ್ಸಿಯಂ: 75, 200
- ಒಟ್ಟು ಗಡಸುತನ: 200, 600
- ಕರಗಿದ ಒಟ್ಟು ಘನಾಂಶ, ಅಂದರೆ ಟಿಡಿಎಸ್: 500, 2000
- ಫ್ಲೋರೈಡ್: 1.0, 1.5
- ನೈಟ್ರೇಟ್: 45, ಇದಕ್ಕೆ ಸಡಿಲಿಕೆ ಇಲ್ಲ

ಲೀಟರಿಗೆ 30 ಮಿಲಿಗ್ರಾಂ ಮೆಗ್ನೀಷಿಯಂ ಇರುವ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದರೆ 60 ಮಿಲಿಗ್ರಾಂ ಬಂತು. ಲೀಟರಿಗೆ 5 ಇರುವ ಮೆದು ನೀರಾದರೆ 10. ಆರ್‌ಒ ನೀರಿನಲ್ಲಿ ಅದೂ ಇಲ್ಲ, ಯಂತ್ರ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ತೆಗೆದುಬಿಡುತ್ತದೆ. ಅಂದರೆ ಒಳ್ಳೆಯ ಗಡಸು ನೀರು ಕುಡಿಯುವವರಿಗೂ ಕುಡಿಯದವರಿಗೂ ದಿನಕ್ಕೆ 50, 60 ಮಿಲಿಗ್ರಾಂ ವ್ಯತ್ಯಾಸ. ಎರಡನೇ ಊಟ ಮಾಡುವವರಿಗೆ ಈ ವ್ಯತ್ಯಾಸ ತಟ್ಟುವುದಿಲ್ಲ. ಮೊದಲನೇ ಊಟ ಮಾಡುತ್ತ 180ಕ್ಕೆ ನಿಂತವರಿಗೆ ಇದು ಮೂರರಲ್ಲೊಂದು ಪಾಲಿನಷ್ಟು ಸೇರ್ಪಡೆ. ತಟ್ಟೆ ಬಡವಾದಾಗಲೇ ತಂಬಿಗೆಯ ಬೆಲೆ ಏರುವುದು.

ಈ ವಿಚಾರ ಹೊಸದೂ ಅಲ್ಲ. ಜಪಾನಿನ ಕೊಬಯಾಶಿ ಎಂಬ ವಿಜ್ಞಾನಿ 1957ರಲ್ಲಿಯೇ ನದಿ ನೀರಿನ ಗುಣಕ್ಕೂ ಲಕ್ವದ ಸಾವುಗಳಿಗೂ ಸಂಬಂಧ ಇರುವಂತಿದೆ ಎಂದು ಗುರುತಿಸಿದ್ದರು. ಆಮೇಲೆ ಹಲವು ದೇಶಗಳ ಅಧ್ಯಯನಗಳಲ್ಲಿ, ನೀರಿನಲ್ಲಿ ಮೆಗ್ನೀಷಿಯಂ ಇರುವ ಊರುಗಳಲ್ಲಿ ಹೃದ್ರೋಗದ ಸಾವು ಸ್ವಲ್ಪ ಕಡಿಮೆ ಎಂದು ಕಂಡಿದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಇದೇ ವಿಷಯಕ್ಕೆ ಒಂದು ಪುಸ್ತಕ ಪ್ರಕಟಿಸಿತು. ನೀರೇ ಕಾರಣ ಎಂದು ಸಿದ್ಧವಾಗಿಲ್ಲ, ಆದರೆ ಗಡಸು ನೀರು ಕುಡಿದರೆ ಹೃದಯ ಕೆಡುತ್ತದೆ ಎಂಬ ಭಯಕ್ಕಂತೂ ಆಧಾರವಿಲ್ಲ.

"ಗಡಸು ನೀರಿನಿಂದ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ" ಎಂಬ ಮಾತೂ ಬಹಳ ಕೇಳಿಬರುತ್ತದೆ. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೋಡಿ ಹೊಟ್ಟೆಯಲ್ಲೂ ಹೀಗೇ ಎಂದುಕೊಳ್ಳುತ್ತಾರೆ. ಕಲ್ಲಿಗೆ ದೊಡ್ಡ ಕಾರಣ ನೀರು ಕಡಿಮೆ ಕುಡಿಯುವುದು, ಅದರಲ್ಲೂ ನಮ್ಮ ಬಿಸಿಲು ಸೀಮೆಯಲ್ಲಿ. ಈಗಾಗಲೇ ಕಲ್ಲಿನ ತೊಂದರೆ ಇರುವವರು ಯಾವ ನೀರು ಎಂಬುದನ್ನು ತಮ್ಮ ವೈದ್ಯರಲ್ಲೇ ಕೇಳಬೇಕು. ಅಂದಹಾಗೆ, ಆ ಬಿಳಿ ಪೊರೆ ಹೆಚ್ಚಾಗಿ ಕ್ಯಾಲ್ಸಿಯಂದು. ನೀರು ಕುದಿಸಿದರೂ ಮೆಗ್ನೀಷಿಯಂ ಬಹುಪಾಲು ನೀರಿನಲ್ಲೇ ಉಳಿಯುತ್ತದೆ.

ಅತಿಯಾದರೆ ತೊಂದರೆ ಇಲ್ಲವೆಂದಲ್ಲ. ಮೆಗ್ನೀಷಿಯಂ ಮತ್ತು ಸಲ್ಫೇಟ್ ಎರಡೂ ಹೆಚ್ಚಿರುವ ನೀರು ಕಹಿಯಾಗಿರುತ್ತದೆ, ರೂಢಿಯಿಲ್ಲದವರಿಗೆ ಭೇದಿ ತರುತ್ತದೆ. ಬೇರೆ ಊರಿನಿಂದ ಬಂದ ಬೀಗರು "ನೀರು ಹೊಂದಲಿಲ್ಲ" ಎನ್ನುವುದಕ್ಕೆ ಕೆಲವೊಮ್ಮೆ ಇದೇ ಕಾರಣ. ಜುಲಾಬಿಗೆ ಕೊಡುವ ಎಪ್ಸಮ್ ಉಪ್ಪು ಎಂದರೆ ಮೆಗ್ನೀಷಿಯಂ ಸಲ್ಫೇಟೇ.

ವರದಿ ಓದುವ ಬಗೆ

ನೀರು ಪರೀಕ್ಷೆಗೆ ಎಲ್ಲ ರಾಜ್ಯಗಳಲ್ಲೂ ಸರ್ಕಾರಿ ಪ್ರಯೋಗಾಲಯಗಳಿವೆ. ಮಹಾರಾಷ್ಟ್ರದಲ್ಲಿ ಭೂಜಲ ಸರ್ವೇಕ್ಷಣ ಇಲಾಖೆ, ಕೇರಳದಲ್ಲಿ ಜಲ ಪ್ರಾಧಿಕಾರ, ತಮಿಳುನಾಡಿನಲ್ಲಿ ಟ್ವಾಡ್ ಮಂಡಳಿ, ಆಂಧ್ರ ತೆಲಂಗಾಣಗಳಲ್ಲಿ ಗ್ರಾಮೀಣ ನೀರು ಸರಬರಾಜು ಇಲಾಖೆ. ಬೋರು ಚಾಲೂ ಮಾಡಿ ಐದಾರು ನಿಮಿಷ ನೀರು ಹರಿಯಬಿಟ್ಟು, ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದ ಸ್ವಚ್ಛ ಬಾಟಲಿಯಲ್ಲಿ ತುಂಬಿಕೊಡಬೇಕು. ರೋಗಾಣು ಪರೀಕ್ಷೆಗೆ ಬಾಟಲಿ ಬೇರೆ, ಅದನ್ನು ಪ್ರಯೋಗಾಲಯದವರೇ ಕೊಡುತ್ತಾರೆ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಪರೀಕ್ಷಿಸಿದರೆ ಒಳ್ಳೆಯದು.

ವರದಿ ಇಂಗ್ಲಿಷಿನಲ್ಲೋ ಆಯಾ ರಾಜ್ಯದ ಭಾಷೆಯಲ್ಲೋ ಬರುತ್ತದೆ. ಗಡಸುತನಕ್ಕೆ ಮರಾಠಿಯಲ್ಲಿ "ಕಾಠಿಣ್ಯ" ಅಥವಾ "ಕಠೀಣಪಣಾ", ತಮಿಳಿನಲ್ಲಿ "ಕಡಿನತ್ತನ್ಮೈ", ಮಲಯಾಳದಲ್ಲಿ "ಕಾಠಿನ್ಯಂ", ತೆಲುಗಿನಲ್ಲಿ "ಕಾಠಿನ್ಯತ" ಎಂದು ಹೇಳುತ್ತಾರೆ. ಅಂಕಿಗಳಿಗೆ ಭಾಷೆಯ ಗಡಿ ಇಲ್ಲ, ಅವನ್ನು ಮೇಲಿನ ಪಟ್ಟಿಗೆ ಹೋಲಿಸಿ ನೋಡಿದರೆ ಸಾಕು.

ಕೆಲವು ವರದಿಗಳಲ್ಲಿ ಒಟ್ಟು ಗಡಸುತನ, ಕ್ಯಾಲ್ಸಿಯಂ ಎರಡೇ ಇರುತ್ತವೆ. ಆಗ ಮೆಗ್ನೀಷಿಯಂ ನಾವೇ ಕಂಡುಹಿಡಿಯಬಹುದು: ಕ್ಯಾಲ್ಸಿಯಂ ಅಂಕಿಯನ್ನು 2.5ರಿಂದ ಗುಣಿಸಿ, ಒಟ್ಟು ಗಡಸುತನದಿಂದ ಕಳೆಯಿರಿ, ಉಳಿದದ್ದನ್ನು 4.1ರಿಂದ ಭಾಗಿಸಿ. ಉದಾಹರಣೆಗೆ ಗಡಸುತನ 400, ಕ್ಯಾಲ್ಸಿಯಂ 80 ಇದ್ದರೆ, 80ಕ್ಕೆ 2.5 ಗುಣಿಸಿದಾಗ 200. 400ರಲ್ಲಿ 200 ಕಳೆದರೆ 200. ಅದನ್ನು 4.1ರಿಂದ ಭಾಗಿಸಿದರೆ ಸುಮಾರು 49. ಅಂದರೆ ಲೀಟರಿಗೆ 49 ಮಿಲಿಗ್ರಾಂ ಮೆಗ್ನೀಷಿಯಂ.

ಆರ್‌ಒ ಬೇಕೇ, ಬೇಡವೇ?

ಮನೆಗೆ ಬರುವ ಮಾರಾಟಗಾರರು ಸಾಮಾನ್ಯವಾಗಿ ಎರಡು ಪ್ರಯೋಗ ತೋರಿಸುತ್ತಾರೆ. ಒಂದು, ಪೆನ್ನಿನಂಥ ಟಿಡಿಎಸ್ ಮೀಟರು. ಅದು ನೀರಿನಲ್ಲಿ ಎಷ್ಟು ಉಪ್ಪಿನಂಶ ಕರಗಿದೆ ಎಂದು ಅಂದಾಜು ಹೇಳುತ್ತದೆ, ಯಾವುದು ಎಂದು ಹೇಳುವುದಿಲ್ಲ. ಒಳ್ಳೆಯ ಮೆಗ್ನೀಷಿಯಂ, ಕೆಟ್ಟ ನೈಟ್ರೇಟ್ ಎರಡೂ ಅದಕ್ಕೆ ಒಂದೇ. ಇನ್ನೊಂದು, ಎರಡು ಲೋಟ ನೀರಿಗೆ ಲೋಹದ ಕಡ್ಡಿ ಇಟ್ಟು ಕರೆಂಟು ಕೊಡುವುದು. ನಮ್ಮ ನೀರು ಕಂದು ರಾಡಿಯಾಗುತ್ತದೆ, ಆರ್‌ಒ ನೀರು ಹಾಗೇ ಇರುತ್ತದೆ. ನೋಡಿದವರಿಗೆ ಎದೆ ಝಲ್ ಎನ್ನುತ್ತದೆ. ಆದರೆ ಆ ರಾಡಿ ಹೆಚ್ಚಾಗಿ ಕಡ್ಡಿಯ ಕಬ್ಬಿಣ ಕರಗಿ ಬಂದದ್ದು. ಖನಿಜ ಇರುವ ನೀರಿನಲ್ಲಿ ಕರೆಂಟು ಹರಿಯುತ್ತದೆ, ಖನಿಜ ಇಲ್ಲದ ನೀರಿನಲ್ಲಿ ಹರಿಯುವುದಿಲ್ಲ, ಅಷ್ಟೇ. ಅದು ಕೊಳೆಯ ಪರೀಕ್ಷೆಯಲ್ಲ.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ, ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನು ನಿರ್ಬಂಧಿಸಬೇಕೆಂದು ಹೇಳಿತ್ತು. ನೀರು ಪೋಲಾಗುವುದು, ಖನಿಜ ಕಳೆದುಹೋಗುವುದು ಎರಡೂ ಅದರ ಹಿಂದಿನ ಕಾರಣಗಳು. ಆದರೆ ಟಿಡಿಎಸ್ ಕಡಿಮೆ ಇದೆ ಎಂದ ಮಾತ್ರಕ್ಕೆ ನೀರು ಸುರಕ್ಷಿತ ಎಂದೂ ಅಲ್ಲ. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ದೊಡ್ಡವರ ಬೆನ್ನು ಮೊಣಕಾಲು ಬಿಗಿತ ಕಂಡ ಮೇಲೆ ಗೊತ್ತಾದರೆ ತಡವಾಯಿತು. ಆದ್ದರಿಂದ ಹೀಗೆ ಮಾಡಿ:

- ಫ್ಲೋರೈಡ್ 1.5ಕ್ಕಿಂತ ಅಥವಾ ನೈಟ್ರೇಟ್ 45ಕ್ಕಿಂತ ಹೆಚ್ಚಿದ್ದು, ಬೇರೆ ನೀರು ಇಲ್ಲದಿದ್ದರೆ, ಆರ್‌ಒ ಇರಲಿ. ಮೆಗ್ನೀಷಿಯಂ ಅನ್ನು ತಟ್ಟೆಯಿಂದ ತುಂಬಿಕೊಳ್ಳಿ. ರಾಯದುರ್ಗ, ಮಡಕಶಿರಾ ಕಡೆಯ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಇಂಥ ಊರಲ್ಲಿ ಯಂತ್ರದ "ಟಿಡಿಎಸ್ ಕಂಟ್ರೋಲ್" ತಿರುಪು ತಿರುಗಿಸಿ ಹಸಿ ನೀರು ಬೆರೆಸಬೇಡಿ. ಖನಿಜದ ಜೊತೆ ಫ್ಲೋರೈಡೂ ಬೆರೆಯುತ್ತದೆ.
- ಗಡಸುತನ 200ರಿಂದ 600ರ ನಡುವೆ ಇದ್ದು ಉಳಿದದ್ದೆಲ್ಲ ಮಿತಿಯಲ್ಲಿದ್ದರೆ, ರೋಗಾಣುಗಳಿಗಾಗಿ ಕುದಿಸಿ ಅಥವಾ ಯುವಿ ಶೋಧಕ ಬಳಸಿ ಕುಡಿಯಬಹುದು. ಬೇಳೆ ಬೇಯದು, ಸೋಪಿನ ನೊರೆ ಬಾರದು ಎಂಬುದು ಅಡುಗೆ, ಬಟ್ಟೆಗಳ ತೊಂದರೆ, ಆರೋಗ್ಯದ್ದಲ್ಲ.
- ಉಪ್ಪು ಹಾಕಿ ನೀರು ಮೆದು ಮಾಡುವ ಸಾಫ್ಟ್‌ನರ್ ಯಂತ್ರದ ನೀರನ್ನು ಕುಡಿಯಲು ಬಳಸದಿರುವುದು ಲೇಸು. ಅದು ಕ್ಯಾಲ್ಸಿಯಂ, ಮೆಗ್ನೀಷಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ರಕ್ತದೊತ್ತಡ ಇರುವವರಿಗೆ ಅದು ಬೇಡ. ಸ್ನಾನ, ಬಟ್ಟೆಗೆ ಅಡ್ಡಿಯಿಲ್ಲ.
- 20 ಲೀಟರಿನ ಕ್ಯಾನ್ ನೀರು ಬಹುತೇಕ ಆರ್‌ಒ ನೀರೇ. ಅದರ ಮೇಲೆ ಐಎಸ್‌ಐ ಗುರುತು, ತಯಾರಾದ ದಿನಾಂಕ ಇದೆಯೇ ನೋಡಿ ತೆಗೆದುಕೊಳ್ಳಿ.

ಮಾತ್ರೆಯ ವಿಚಾರ

ಕೆಲವರಿಗೆ ಊಟ ಸರಿಯಿದ್ದರೂ ಮೆಗ್ನೀಷಿಯಂ ಮೈಯಿಂದ ಸೋರಿಹೋಗುತ್ತದೆ: ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಬಹಳ ದಿನದ ಭೇದಿ, ಅತಿಯಾದ ಮದ್ಯಪಾನ. ಮೂತ್ರ ಹೆಚ್ಚಿಸುವ ಕೆಲವು ರಕ್ತದೊತ್ತಡದ ಮಾತ್ರೆಗಳಿಂದಲೂ ಹೀಗಾಗುತ್ತದೆ. ಎದೆಯುರಿಗೆ ತೆಗೆದುಕೊಳ್ಳುವ ಒಮೆಪ್ರಝೋಲ್, ಪ್ಯಾಂಟೊಪ್ರಝೋಲ್ ಮಾತ್ರೆಗಳನ್ನು ವರ್ಷಕ್ಕೂ ಮೀರಿ ನುಂಗಿದರೆ ಮೆಗ್ನೀಷಿಯಂ ಇಳಿಯಬಹುದೆಂದು ಅಮೆರಿಕದ ಔಷಧ ಇಲಾಖೆ 2011ರಲ್ಲಿ ಎಚ್ಚರಿಸಿದೆ. ನಮ್ಮ ವಯಸ್ಸಿನ ಬಹಳ ಮಂದಿ ಬೆಳಗ್ಗೆ ಎದ್ದ ಕೂಡಲೇ ಇದನ್ನು ನುಂಗುತ್ತಾರೆ, ಎಷ್ಟು ವರ್ಷವಾಯಿತೆಂಬ ಲೆಕ್ಕವೇ ಇರುವುದಿಲ್ಲ. ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ, ಮುಂದಿನ ಸಲ ವೈದ್ಯರ ಬಳಿ ಹೋದಾಗ "ಇದು ಇನ್ನೂ ಬೇಕೇ, ಮೆಗ್ನೀಷಿಯಂ ಪರೀಕ್ಷೆ ಮಾಡಿಸಲೇ?" ಎಂದು ಕೇಳಿ.

ಮೂತ್ರಪಿಂಡದ ಕಾಯಿಲೆ ಇರುವವರು ಮೆಗ್ನೀಷಿಯಂ ಮಾತ್ರೆಯನ್ನಾಗಲೀ, ಮೆಗ್ನೀಷಿಯಂ ಇರುವ ಜುಲಾಬು, ಆಂಟಾಸಿಡ್‌ಗಳನ್ನಾಗಲೀ ವೈದ್ಯರನ್ನು ಕೇಳದೆ ಮುಟ್ಟಬಾರದು. ಹೆಚ್ಚಾದದ್ದನ್ನು ಹೊರಹಾಕುವುದು ಮೂತ್ರಪಿಂಡವೇ. ಅದು ಸೋತಾಗ ರಕ್ತದಲ್ಲಿ ಏರಿ ಪ್ರಾಣಕ್ಕೆ ಅಪಾಯ. ಥೈರಾಯ್ಡ್ ಮಾತ್ರೆ, ಕೆಲವು ಆಂಟಿಬಯಾಟಿಕ್‌ಗಳ ಜೊತೆಗೆ ನುಂಗಿದರೆ ಆ ಔಷಧಿಯೂ ಸರಿಯಾಗಿ ಹತ್ತುವುದಿಲ್ಲ, ನಡುವೆ ಕೆಲವು ಗಂಟೆಗಳ ಅಂತರ ಬೇಕು.

ಇನ್ನು ರಾತ್ರಿಯ ಕಾಲು ಸೆಳೆತ. 2020ರ ಕಾಕ್ರೇನ್ ಪರಾಮರ್ಶೆಯ ಪ್ರಕಾರ ವಯಸ್ಸಾದವರ ಸೆಳೆತಕ್ಕೆ ಮೆಗ್ನೀಷಿಯಂ ಮಾತ್ರೆಯಿಂದ ಹೇಳಿಕೊಳ್ಳುವಂಥ ಗುಣವಿಲ್ಲ. ಮಾತ್ರೆಯ ಹಣವನ್ನು ಎಳ್ಳು, ಶೇಂಗಾ, ಸೊಪ್ಪಿಗೆ ಹಾಕಿದರೆ ಮನೆಮಂದಿಗೆಲ್ಲ ಆಗುತ್ತದೆ. ಸೆಳೆತ ಪದೇಪದೇ ಬರುತ್ತಿದ್ದರೆ ಕಾರಣ ಬೇರೆ ಇರಬಹುದು, ವೈದ್ಯರಿಗೆ ತೋರಿಸಿ.

ಸದಸ್ಯರಲ್ಲಿ ವಿನಂತಿ

ಮುಂದಿನ ಮಾಸಿಕ ಸಭೆಗೆ ಬರುವಾಗ ನಿಮ್ಮ ಮನೆಯ ಅಥವಾ ಓಣಿಯ ನೀರಿನ ವರದಿಯ ಒಂದು ಪ್ರತಿ ತನ್ನಿ. ದೂರದವರು ಫೋಟೋ ಕಳಿಸಿದರೂ ಸಾಕು. ಊರು, ಬೋರೋ ಬಾವಿಯೋ ನಲ್ಲಿಯೋ, ಪರೀಕ್ಷೆ ಮಾಡಿಸಿದ ತಿಂಗಳು ಇಷ್ಟು ಬರೆದಿರಲಿ. ಹೆಸರು ಬೇಕಿಲ್ಲ. ಎಲ್ಲವನ್ನೂ ಒಂದು ತಖ್ತೆಯಲ್ಲಿ ಜೋಡಿಸಿ ಊರುವಾರು ಇದೇ ಪುಟದಲ್ಲಿ ಹಾಕುತ್ತೇವೆ. ಬೇರೆ ಭಾಷೆಯ ವರದಿ ಓದಲು ತೊಡಕಾದರೆ ಹಾಗೆಯೇ ಕಳಿಸಿ. ಮಲಯಾಳ, ತಮಿಳು, ತೆಲುಗು, ಮರಾಠಿ ಬಲ್ಲವರು ನಮ್ಮಲ್ಲಿ ಧಾರಾಳವಾಗಿ ಇದ್ದಾರೆ.

ವರದಿ ಬರುವವರೆಗೆ ಕಾಯದೆ ಇಂದೇ ಆರಂಭಿಸಬಹುದಾದ ಕೆಲಸವೂ ಒಂದಿದೆ. ಸಂಜೆಯ ಬಿಸ್ಕತ್ತಿನ ಬದಲು ಒಂದು ಹಿಡಿ ಹುರಿದ ಶೇಂಗಾ ಅಥವಾ ಪುಟಾಣಿ, ಎರಡು ಹೊತ್ತಿನ ಅನ್ನದಲ್ಲಿ ಒಂದು ಹೊತ್ತಿಗೆ ರೊಟ್ಟಿಯೋ ಮುದ್ದೆಯೋ ಕೆಂಪಕ್ಕಿಯೋ. ತಿಂಗಳೊಂದು ಮಾಡಿ ನೋಡಿ, ಸಭೆಯಲ್ಲಿ ಮಾತಾಡೋಣ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ